ನಡುವಿನ ಸೊನ್ನೆ

ಅಪ್ಪನ ಅಂಗಡಿಯಿಂದ,
ಅಕ್ಟೋಬರ್ ೯, ಗುರುವಾರ ಮಧ್ಯಾಹ್ನ

ಪ್ರೀತಿಯ ಪೆನ್ಸಿಲ್,

ಹೇಗಿದ್ದೀಯಾ ಎಂದು ಕೇಳಿ ಕಾಗದ ಶುರು ಮಾಡುವುದು ವಾಡಿಕೆ. ಇವತ್ತು ಕೇಳುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ನಿನ್ನ ಐದನೆಯ ಕಾಗದ ಬಂದು ಒಂದು ತಿಂಗಳ ಮೇಲೆ ನಾಲ್ಕು ದಿನವಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಂಬುತ್ತೀಯ. ಕೆಲಸವೇನೋ ಇತ್ತು, ಆದರೆ ತಡವಾದದ್ದು ಅದರಿಂದಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಬೀದಿ ಸುತ್ತಲು ಹೋದೆ. ಒಂದು ಕಡೆ ಕೂರುವುದು ನನ್ನಿಂದಾಗದ ಕೆಲಸ. ಅಪ್ಪ ನನಗೆ ಸುಮ್ಮನೆ ಪಾದರಸ ಎಂದು ಹೆಸರಿಟ್ಟಿಲ್ಲ. ನಿನಗೆ ಪೆನ್ಸಿಲ್ ಎಂದು ಹೆಸರಿಟ್ಟವಳು ಅಮ್ಮ. ತೆಳ್ಳಗಿದ್ದೀಯ ಅಂತ ಮಾತ್ರ ಅಲ್ಲ, ಒತ್ತಿದರೆ ಸದ್ದಿಲ್ಲದೆ ಮುರಿಯುತ್ತಾಳೆ ಇವಳು ಎನ್ನುತ್ತಿದ್ದಳು. ಆಗ ನಾವಿಬ್ಬರೂ ನಕ್ಕಿದ್ದೆವು.

ಮನೆಯ ಸುದ್ದಿ ಮೊದಲು. ಅಪ್ಪನ ಮಂಡಿ ನೋವು ಇದ್ದ ಹಾಗೇ ಇದೆ, ಡಾಕ್ಟರ ಬಳಿ ಹೋಗಲು ಮಾತ್ರ ಒಪ್ಪುತ್ತಿಲ್ಲ. ಆ ಡಾಕ್ಟರ ಆಸ್ಪತ್ರೆಯ ಮಗು ತೂಗುವ ಯಂತ್ರ ಈಗ ನಮ್ಮ ಮೇಜಿನ ಮೇಲೇ ಬಿಚ್ಚಿಕೊಂಡು ಬಿದ್ದಿದೆ. ಎಲ್ಲರ ತಕ್ಕಡಿ ರಿಪೇರಿ ಮಾಡುವ ಮನುಷ್ಯನಿಗೆ ತನ್ನ ಮಂಡಿ ರಿಪೇರಿ ಮಾಡಿಸಿಕೊಳ್ಳಲು ಪುರಸೊತ್ತಿಲ್ಲ. ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಚಿಕ್ಕಮ್ಮ ಕಳೆದ ವಾರ ಬಂದಿದ್ದಳು. ನೀನು ಹಾಸ್ಟೆಲಿನಿಂದ ವಾಪಸ್ ಕಳಿಸಿದ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳತೆ ತಪ್ಪಾಯಿತೇನೋ, ಬಿಚ್ಚಿ ಮತ್ತೆ ಹೆಣೆಯುತ್ತೇನೆ ಎಂದಳು. ಅಳತೆ ಸರಿಯಾಗಿಯೇ ಇದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ನಮ್ಮ ಅಮ್ಮನ ತಂಗಿ, ಅಳುವುದಕ್ಕೆ ಮುಂಚೆ ಮೂಗು ಒರೆಸಿಕೊಳ್ಳುವ ರೀತಿಯೂ ಅಮ್ಮನದೇ. ನಾನು ಟೀ ಮಾಡುವ ನೆಪದಲ್ಲಿ ಎದ್ದು ಹೋದೆ.

ಈಗ ನನ್ನ ಕೆಲಸದ ಸುದ್ದಿ. ಜುಲೈನಲ್ಲಿ ಅಂಚೆ ತೂಗುವ ತಕ್ಕಡಿಯೊಂದನ್ನು ಹಿಡಿದುಕೊಂಡು ವಿಶ್ವವಿದ್ಯಾಲಯದ ಮೇಡಂ ಒಬ್ಬರು ಅಂಗಡಿಗೆ ಬಂದರು. ನಾನು ಸ್ಟೂಲ್ ಮೇಲೆ ಹತ್ತಿ ಬಲ್ಬು ಬದಲಿಸುತ್ತಿದ್ದೆ. ಯಾವ ಕ್ಲಾಸು ಎಂದು ಕೇಳಿದರು. ಹತ್ತನೇ ಕ್ಲಾಸಿಗೇ ಬಿಟ್ಟೆ ಎಂದೆ. ಯಾಕೆ ಎಂದರು. ಮನೆಯಲ್ಲಿ ತೊಂದರೆಯಿತ್ತು ಎಂದಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದರು. ನಾನು, “ಕೂರೋಕಾಗ್ಲಿಲ್ಲ ಮೇಡಂ, ಅಷ್ಟೆ” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಾರನೆಯ ದಿನ ಅಪ್ಪನನ್ನು ಕೇಳಿ ನನ್ನನ್ನು ಕೆಲಸಕ್ಕೆ ಕರೆದುಕೊಂಡರು. ಶಾಲೆ ಬಿಟ್ಟದ್ದೇ ಅರ್ಹತೆಯಾದ ಕೆಲಸ ನಮ್ಮ ವಂಶದಲ್ಲಿ ಇದೇ ಮೊದಲು.

ಮೇಡಂ ಅಳೆಯಲು ಹೊರಟಿದ್ದು ಮನಸ್ಸನ್ನು. ಹದಿಮೂರರಿಂದ ಹದಿನೆಂಟರೊಳಗಿನವರು ಒಳಗೊಳಗೆ ಎಷ್ಟು ನೆಮ್ಮದಿಯಾಗಿದ್ದಾರೆ ಎಂದು. ಬಸ್ಸಿನಲ್ಲಿ ಬರುವ ದೊಡ್ಡ ಶಾಲೆಯ ಮಕ್ಕಳು, ಶಾಲೆ ಬಿಟ್ಟು ದುಡಿಯುವವರು, ಕಿವಿ ಕೇಳದ ಮಕ್ಕಳು, ಹೀಗೆ ಬೇರೆ ಬೇರೆ ಗುಂಪು. ಎಲ್ಲರಿಗೂ ಒಂದೇ ಫಾರಂ. ಒಂದೇ ಅಳತೆ ಎಲ್ಲರಿಗೂ ಹೊಂದುತ್ತದೆಯೇ ಎಂದು ನೋಡುವುದೂ ಅವರ ಕೆಲಸದ ಒಂದು ಭಾಗವೇ. ಫಾರಂನಲ್ಲಿ ಇಪ್ಪತ್ತನಾಲ್ಕು ವಾಕ್ಯ. ‘ನಾಳೆಯ ಬಗ್ಗೆ ನನಗೆ ಆಸೆ ಇದೆ’, ‘ನನ್ನ ಕಷ್ಟ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆ’, ಇಂಥವು. ಒಂದೊಂದರ ಮುಂದೆಯೂ ಐದು ಸೊನ್ನೆ: ಖಂಡಿತ ಇಲ್ಲ, ಅಷ್ಟೇನಿಲ್ಲ, ಪರವಾಗಿಲ್ಲ, ಹೆಚ್ಚುಕಡಿಮೆ ಹೌದು, ಖಂಡಿತ ಹೌದು. ಮೊದಲನೆಯ ಸೊನ್ನೆಗೆ ಒಂದು ಅಂಕ, ಕೊನೆಯದಕ್ಕೆ ಐದು. ಹೆಸರು ಬರೆಯುವ ಹಾಗಿಲ್ಲ. ಓದಲು ಬಾರದವರಿಗೆ ಓದಿ ಹೇಳುವುದು ನನ್ನ ಕೆಲಸ. ಅಂಕ ಕೂಡುವುದಕ್ಕೆ ಮೇಡಂ ಕೈಕೆಳಗೆ ಓದುತ್ತಿರುವ ಒಬ್ಬರಿದ್ದಾರೆ. ಕಂಪ್ಯೂಟರ್ ಮುಂದೆ ಕೂತರೆ ಭೂಕಂಪವಾದರೂ ಏಳುವುದಿಲ್ಲ. ಅವರಿಗೆ ನಾನು ಅಂಕಿಯಣ್ಣ ಎಂದು ಹೆಸರಿಟ್ಟಿದ್ದೇನೆ. ಅವರಿಗೂ ಗೊತ್ತು.

ದೊಡ್ಡ ಶಾಲೆಯಲ್ಲಿ ಕೆಲಸ ಬೇಗ ಮುಗಿಯಿತು. ಅಲ್ಲಿ ಯಾರಿಗೂ ಓದಿ ಹೇಳಬೇಕಾಗಿಲ್ಲ. ಒಬ್ಬ ಹುಡುಗಿ ಹನ್ನೆರಡು ಕಡೆ ‘ಖಂಡಿತ ಇಲ್ಲ’ ಎಂದು ಎಷ್ಟು ಒತ್ತಿ ತುಂಬಿದ್ದಳೆಂದರೆ ಕಾಗದ ತೂತಾಗಿತ್ತು. ತನಗೆ ಸುಖವಿಲ್ಲ ಎಂದು ಹೇಳಿದರೆ ಯಾರಾದರೂ ಕೇಳುತ್ತಾರೆ ಎಂಬ ಭರವಸೆ ಅವಳಿಗಿತ್ತು. ಇದು ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ಚೀಲ ಹೊಲಿಯುವ ಶೆಡ್ಡು. ಉದ್ದನೆಯ ತಗಡಿನ ಛಾವಣಿ, ಎರಡು ಸಾಲು ಯಂತ್ರ, ಗಾಳಿಯಲ್ಲೆಲ್ಲ ಗೋಣಿಯ ನಾರು. ಮೊದಲ ದಿನವೇ ನನಗೆ ಸೀನು ಶುರುವಾಗಿ ಅವರಿಗೆ ದೊಡ್ಡ ತಮಾಷೆಯಾಯಿತು. ಊಟದ ಹೊತ್ತಿನಲ್ಲಿ ಹತ್ತು ಹತ್ತು ಜನ ಚೀಲದ ರಾಶಿಯ ಮೇಲೆ ನನ್ನ ಸುತ್ತ ಕೂರುತ್ತಿದ್ದರು. ನಾನು ವಾಕ್ಯ ಓದುವುದು, ಅವರು ಸೊನ್ನೆ ತುಂಬುವುದು. ಹದಿನಾರು ವರ್ಷದ ಒಬ್ಬಳು ಎಡಗೈಯವಳು. ಯಂತ್ರಗಳೆಲ್ಲ ಬಲಗೈಯವರಿಗಾಗಿಯೇ ಮಾಡಿದ್ದರಿಂದ ಇಡೀ ದಿನ ಮೈ ತಿರುಚಿಕೊಂಡು ಹೊಲಿಯುತ್ತಾಳೆ. ಕಷ್ಟ ಹೇಳಿಕೊಳ್ಳುವ ವಾಕ್ಯ ಬಂದಾಗ ಅವಳ ಪೆನ್ನು ನಿಂತಿತು. ನನ್ನ ಮುಖ ನೋಡಿದಳು. ಪಾಪ, ಗಾಬರಿಯಾಗಿದ್ದಾಳೆ ಅನ್ನಿಸಿತು. “ಪರವಾಗಿಲ್ಲ, ಪರವಾಗಿಲ್ಲ” ಎಂದೆ. ನಿಧಾನವಾಗಿ ಯೋಚಿಸು ಎನ್ನುವ ಅರ್ಥದಲ್ಲಿ. ಅವಳು ತಲೆಯಾಡಿಸಿ ಬಗ್ಗಿ ಬರೆದಳು. ನಾನು ಮುಂದಿನ ವಾಕ್ಯಕ್ಕೆ ಹೋದೆ.

ಯಾರು ತಡವರಿಸಿದರೂ ನಾನು ಹಾಗೇ ಹೇಳುತ್ತಿದ್ದೆ. ಅದು ನನ್ನ ಬಾಯಿಗೆ ಅಂಟಿದ ಮಾತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದವರಿಗೆಲ್ಲ ಹೇಳಿ ಹೇಳಿ ರೂಢಿಯಾಗಿಬಿಟ್ಟಿದೆ. ಶೆಡ್ಡು ಮುಗಿಸಿ ಇನ್ನೂ ಎರಡು ಕಾರ್ಖಾನೆಗೆ ಹೋದೆ. ಒಟ್ಟು ಇನ್ನೂರ ಹನ್ನೊಂದು ಫಾರಂ ನನ್ನ ಬಾಯಿಂದ ಓದಿಸಿಕೊಂಡು ತುಂಬಿದವು.

ಅಂಕಿಯಣ್ಣ ಕೂಡಿ ನೋಡಿದರು. ದೊಡ್ಡ ಶಾಲೆಯವರ ಸರಾಸರಿ ಅರವತ್ತಮೂರು. ಶೆಡ್ಡಿನವರದು ಒಬ್ಬೊಬ್ಬರದಾಗಿ ನೋಡಿದರೂ ಎಪ್ಪತ್ತೆರಡು, ಎಪ್ಪತ್ತೊಂದು, ಎಪ್ಪತ್ತೆರಡು, ಮತ್ತೆ ಎಪ್ಪತ್ತೆರಡು. ಮೊದಲ ಸಲ ಆ ಮನುಷ್ಯ ಕುರ್ಚಿಯಿಂದ ಎದ್ದದ್ದನ್ನು ನೋಡಿದೆ. ದುಡಿಯುವ ಮಕ್ಕಳ ಮನಸ್ಸು ಗಟ್ಟಿಯಾಗಿದೆ, ಓದುವ ಮಕ್ಕಳದೇ ಸೊರಗಿದೆ, ಇಂಥದ್ದು ಸಿಗುವುದು ಅಪರೂಪ ಎಂದರು. ನನಗೂ ಖುಷಿಯಾಯಿತು. ನೋಡಿದಿರಾ, ಶಾಲೆ ಬಿಟ್ಟವರು ನಾವೇ ಚೆನ್ನಾಗಿರೋದು ಎಂದು ಜಂಬ ಕೊಚ್ಚಿದೆ. ಈ ವರದಿ ಸೀದಾ ಸರ್ಕಾರದ ಕಚೇರಿಗೆ ಹೋಗುವುದಿತ್ತು. ಈ ವರ್ಷ ನಾಲ್ಕು ಜನ ಆಪ್ತಸಲಹೆಗಾರರನ್ನು ಕೊಡುತ್ತಾರಂತೆ, ಮಕ್ಕಳ ಜೊತೆ ಕೂತು ಅವರ ಮಾತು ಕೇಳುವವರು. ಯಾವ ಗುಂಪಿನ ಅಂಕ ಕಡಿಮೆಯೋ ಅಲ್ಲಿಗೆ. ಎಪ್ಪತ್ತೆರಡು ಬಂದ ಕಡೆಗೆ ಒಬ್ಬರೂ ಹೋಗುವುದಿಲ್ಲ.

ಕೊನೆಗೆ ಉಳಿದದ್ದು ಕಿವಿ ಕೇಳದ ಮಕ್ಕಳ ಶಾಲೆ. ಅಲ್ಲಿ ನಾನು ಓದಿದ್ದನ್ನು ಅವರ ಟೀಚರ್ ಕೈಸನ್ನೆಯಲ್ಲಿ ಹೇಳಬೇಕು. ಐವತ್ತು ದಾಟಿದ ಹೆಂಗಸು, ಬೆರಳುಗಳು ಮಾತ್ರ ಹದಿನೆಂಟರವು. ಉತ್ತರಗಳನ್ನು ಮಕ್ಕಳಿಗೆ ಮೊದಲೇ ವಿವರಿಸುತ್ತಾ ಮೂರನೆಯ ಸೊನ್ನೆಗೆ ಬಂದು ಅವರ ಕೈ ಗಾಳಿಯಲ್ಲೇ ನಿಂತಿತು.

“ಯಾವ ಪರವಾಗಿಲ್ಲ ಇದು?” ಎಂದು ಕೇಳಿದರು.

ಅರ್ಥವಾಗಲಿಲ್ಲ ಎಂದೆ.

“ನೋಡಮ್ಮ, ನಮ್ಮಲ್ಲಿ ಅದಕ್ಕೆ ಎರಡು ಸನ್ನೆ. ಊಟ ಹೇಗಿತ್ತು ಅಂದ್ರೆ ಪರವಾಗಿಲ್ಲ, ಇದು ಒಂದು” ಎಂದು ಅಂಗೈಯನ್ನು ಅತ್ತಿತ್ತ ವಾಲಿಸಿದರು. “ಕಾಲು ತುಳಿದೆ, ನೋವಾಯ್ತಾ ಅಂದ್ರೆ ಪರವಾಗಿಲ್ಲ, ಇದು ಇನ್ನೊಂದು.” ಎದೆಯ ಮುಂದಿನಿಂದ ಏನನ್ನೋ ತಳ್ಳಿ ಕೆಳಗೆ ಬಿಟ್ಟಂತೆ ಮಾಡಿದರು. “ಮೊದಲನೇದಕ್ಕೆ ನೀನು ಮೂರು ಅಂಕ ಕೊಡು. ಎರಡನೇದಕ್ಕೆ ಕೊಡೋಕಾಗುತ್ತಾ? ನೋವಾಗಿಲ್ಲ ಅಂತ ಎಲ್ಲಿ ಹೇಳಿದ ಅವನು?”

ಮಕ್ಕಳೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಶೆಡ್ಡಿನಲ್ಲಿ ಆ ಎಡಗೈಯವಳು ತಲೆಯಾಡಿಸಿ ಬಗ್ಗಿದ್ದು ಕಣ್ಣ ಮುಂದೆ ಬಂತು. ಆ ದಿನ ಅಲ್ಲಿ ಒಂದೂ ಫಾರಂ ತುಂಬಿಸಲಿಲ್ಲ. ಹೊಟ್ಟೆನೋವು ಎಂದು ಹೇಳಿ ಬಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋದೆ. ಎಡಗೈಯವಳು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಫಾರಂ ತೋರಿಸದೆ ಆ ಒಂದು ವಾಕ್ಯ ಮಾತ್ರ ಹೇಳಿ, ಅವತ್ತು ಏನು ತುಂಬಿದ್ದೆ ಎಂದು ಕೇಳಿದೆ.

“ನಡುವಿನ ಸೊನ್ನೆ.”

ಯಾಕೆ ಎಂದೆ.

“ನೀವೇ ಹೇಳಿದ್ರಲ್ಲಕ್ಕ. ಪರವಾಗಿಲ್ಲ, ಪರವಾಗಿಲ್ಲ ಅಂತ ಎರಡು ಸಲ ಅಂದ್ರಿ. ಅದನ್ನೇ ಹಾಕ್ಬೇಕೇನೋ ಅನ್ಕೊಂಡೆ. ಆಮೇಲೆಲ್ಲಾ ಅದೇ ಹಾಕ್ತಾ ಹೋದೆ. ತಪ್ಪಾಯ್ತಾ?”

ಇಪ್ಪತ್ತನಾಲ್ಕು ವಾಕ್ಯ, ಒಂದೊಂದಕ್ಕೂ ಮೂರು ಅಂಕ, ಒಟ್ಟು ಎಪ್ಪತ್ತೆರಡು. ತಪ್ಪು ನಿನ್ನದಲ್ಲ ಎಂದೆ. ನಾನು ಹೇಳದೇ ಇದ್ದಿದ್ದರೆ ಏನು ಹಾಕುತ್ತಿದ್ದೆ ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಪೆನ್ಸಿಲ್, ನನ್ನ ಜೀವಮಾನದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಅದು, ಸುಮ್ಮನಿರುವುದು. ಅವಳು ಎಣ್ಣೆಯ ಡಬ್ಬಿಯನ್ನು ಒರೆಸಿದಳು, ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ಆ ಪದ ನನ್ನ ನಾಲಿಗೆಯ ತುದಿಗೆ ಎರಡು ಸಲ ಬಂತು. ಎರಡು ಸಲವೂ ಹಲ್ಲು ಕಚ್ಚಿ ತಡೆದೆ.

“ಪಕ್ಕದ ಯಂತ್ರದವಳು ಇದ್ದಾಗ ಹೇಳ್ತಿದ್ದೆ. ಅವಳನ್ನ ಬೇರೆ ಶೆಡ್ಡಿಗೆ ಹಾಕಿದ್ರು. ಆಮೇಲೆ ಹೇಳಿಲ್ಲ” ಎಂದಳು. ಡಬ್ಬಿಯನ್ನು ಕೆಳಗಿಟ್ಟು, “ಮೊದಲ್ನೇ ಸೊನ್ನೆ ಹಾಕ್ತಿದ್ದೆ” ಎಂದಳು.

ಅಂಗಡಿಗೆ ಬಂದು ಅಪ್ಪನ ಎದುರು ಕೂತೆ. ಅವರು ಆ ಮಗು ತೂಗುವ ಯಂತ್ರವನ್ನು ಬಿಚ್ಚುವ ಮೊದಲು ಖಾಲಿ ತಟ್ಟೆಯಲ್ಲೇ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದರು. ನಿನಗೆ ನೆನಪಿರಬೇಕು, ಅವರು ಯಾವಾಗಲೂ ಹಾಗೇ. ಮೊದಲು ಖಾಲಿ ತಟ್ಟೆ, ಆಮೇಲೆ ತೂಗುವವನ ಕೈ, ಕೊನೆಗೆ ಸಾಮಾನು. ಎಲ್ಲ ಹೇಳಿದೆ. ಅವರು ತಲೆಯೆತ್ತಲಿಲ್ಲ. “ತಟ್ಟೆ ಮೇಲೆ ನಿನ್ನ ಬೆರಳಿತ್ತು ಅನ್ನು. ಅವರಿಗೆ ಹೇಳಿದ್ಯಾ?” ಎಂದರು. ಇಲ್ಲ ಎಂದೆ. “ಮತ್ತೆ ಇಲ್ಯಾಕೆ ಕೂತಿದೀಯ?”

ಮೇಡಂ ಕೋಣೆಯಲ್ಲಿ ಅಂಕಿಯಣ್ಣನೂ ಇದ್ದರು. ವರದಿ ಕಳಿಸಲು ಐದು ದಿನ ಬಾಕಿ. ನಿಂತುಕೊಂಡೇ ಹೇಳಿದೆ, ಆ ಪದಕ್ಕೆ ಎರಡು ಅರ್ಥವಿದೆ ಎನ್ನುವುದನ್ನೂ, ಅದನ್ನು ಶೆಡ್ಡಿನವರ ಕಿವಿಗೆ ಹಾಕಿದವಳು ನಾನೇ ಎನ್ನುವುದನ್ನೂ. ಮೊದಲನೆಯದನ್ನು ಮಾತ್ರ ಹೇಳಿದ್ದರೆ ನಾನು ಜಾಣೆ ಎನಿಸಿಕೊಳ್ಳುತ್ತಿದ್ದೆ. ಮೆಟ್ಟಿಲು ಹತ್ತುವಾಗ ಆ ಯೋಚನೆ ಬಂದಿತ್ತು ಎನ್ನುವುದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಅಂಕಿಯಣ್ಣ ಕೆಂಪಗಾದರು. ಎರಡು ತಿಂಗಳ ಕೆಲಸವನ್ನು ಒಂದು ಪದಕ್ಕೋಸ್ಕರ ನೀರಿಗೆ ಹಾಕುತ್ತೀಯಾ, ಎಲ್ಲಾ ಸಮೀಕ್ಷೆಯಲ್ಲೂ ಇಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದರು. ಕೊನೆಗೆ, “ಇವಳ ಕೈಗೆ ಫಾರಂ ಕೊಟ್ಟಿದ್ದೇ ತಪ್ಪು. ಹೋಗಿ ಅಪ್ಪನ ಅಂಗಡೀಲಿ ತಕ್ಕಡಿ ಒರೆಸ್ಕೊಂಡಿರು” ಎಂದರು.

“ನೀನು ಸುಮ್ನಿರು. ತಕ್ಕಡಿ ಅಂಗಡಿಯವಳಾಗಿದ್ದಕ್ಕೇ ಇದು ಗೊತ್ತಾಯ್ತು” ಎಂದರು ಮೇಡಂ. ಆಮೇಲೆ ಕನ್ನಡಕ ತೆಗೆದು ಒಂದು ಫಾರಂ ಕೈಗೆತ್ತಿಕೊಂಡರು. ಫಾರಂನಲ್ಲಿ ಆ ಪದ ಹಾಕಿದ್ದು ತಾವೇ ಎಂದರು. ಇಬ್ಬರು ಪಂಡಿತರಿಗೆ ತೋರಿಸಿ ಸರಿ ಅನ್ನಿಸಿಕೊಂಡಿದ್ದೆ, ಮಾತಿಲ್ಲದ ಮಕ್ಕಳ ಟೀಚರ್ ಹಿಡಿದುಬಿಟ್ಟರಲ್ಲ ಎಂದರು. ನನ್ನ ಕಡೆ ನೋಡಿ, ನಿನ್ನನ್ನು ಈಗಲೇ ಮನೆಗೆ ಕಳಿಸಬೇಕು ಅಂತ ಅನ್ನಿಸಿದ್ದು ನಿಜ ಎಂದೂ ಹೇಳಿದರು. ಹಾಗೆ ನೇರವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ವರದಿ ನಿಂತಿತು. ಕಚೇರಿಯಿಂದ ಎರಡು ತಿಂಗಳ ಗಡುವು ಸಿಕ್ಕಿದೆ, ಆಮೇಲೆ ಆ ನಾಲ್ಕು ಜನ ಆಪ್ತಸಲಹೆಗಾರರು ಉಳಿದಿರುತ್ತಾರೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿಲ್ಲ. ಬೇಗ ಹೋಗಿದ್ದರೆ ದೊಡ್ಡ ಶಾಲೆಗಾದರೂ ಸಿಗುತ್ತಿದ್ದರು. ಕಾಗದ ತೂತು ಮಾಡಿದ ಆ ಹುಡುಗಿಗೂ ಈಗ ಕಾಯುವ ಹಾಗಾಯಿತು. ಅದೂ ನನ್ನ ತಲೆಯ ಮೇಲೇ ಇದೆ. ನಡುವಿನ ಸೊನ್ನೆಯ ಮೇಲೆ ಈಗ ‘ಅರ್ಧ ಹೌದು, ಅರ್ಧ ಇಲ್ಲ’ ಎಂದು ಅಚ್ಚಾಗಿದೆ. ನಾನು ಮೊದಲಿನಿಂದ ಓದುತ್ತಿದ್ದೇನೆ, ಈ ಸಲ ಮೇಡಂ ಪಕ್ಕದಲ್ಲೇ ಕೂರುತ್ತಾರೆ. ವಾಕ್ಯ ಓದುತ್ತೇನೆ, ತುಟಿ ಒತ್ತಿಕೊಳ್ಳುತ್ತೇನೆ, ಕಾಯುತ್ತೇನೆ. ಇಲ್ಲಿಯವರೆಗೆ ಅರವತ್ತು ಫಾರಂ ಆಗಿದೆ. ಶೆಡ್ಡಿನ ಸರಾಸರಿ ಐವತ್ತರ ಹತ್ತಿರಕ್ಕೆ ಇಳಿದಿದೆ. ಅಂಕಿಯಣ್ಣ ನನ್ನ ಜೊತೆ ಮಾತು ಬಿಟ್ಟಿದ್ದರು. ನಿನ್ನೆ ಆ ಅಂಕ ನೋಡಿ, ನನ್ನ ಕಡೆ ತಿರುಗದೆಯೇ ನನ್ನ ಮೇಜಿನ ಮೇಲೆ ಒಂದು ಲೋಟ ಟೀ ಇಟ್ಟು ಹೋದರು.

ಇಷ್ಟಾದ ಮೇಲೆ ನಿನ್ನ ಐದೂ ಕಾಗದ ತೆಗೆದು ಮತ್ತೆ ಓದಿದೆ. ವಾರ್ಡನ್ ಓದಿಯೇ ಕಳಿಸುತ್ತಾರೆ, ನೀನು ಎಲ್ಲವನ್ನೂ ಬರೆಯಲಾರೆ ಎಂದು ಗೊತ್ತಿದ್ದರೂ ಓದಿದೆ. ‘ಊಟ ಪರವಾಗಿಲ್ಲ.’ ‘ಕೋಣೆಯವರು ಪರವಾಗಿಲ್ಲ.’ ‘ಜ್ವರ ಬಂದಿತ್ತು, ಪರವಾಗಿಲ್ಲ.’ ‘ರಜೆಗೆ ಕರೆದುಕೊಂಡು ಹೋಗಲು ಆಗದಿದ್ದರೆ ಪರವಾಗಿಲ್ಲ.’ ಹನ್ನೊಂದು ಸಲ ಬರೆದಿದ್ದೀಯ. ಒಂದೊಂದು ಕಾಗದ ಬಂದಾಗಲೂ ಅಪ್ಪ, ಮಗಳು ಹೊಂದಿಕೊಂಡಳು ಎಂದು ಸಮಾಧಾನಪಟ್ಟು ಅದನ್ನು ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾರೆ. ನಾನೂ ಪ್ರತಿ ಸಲ ಮೂರು ಅಂಕ ಕೊಟ್ಟುಕೊಂಡು ನನ್ನ ಪಾಡಿಗೆ ಓಡಾಡಿಕೊಂಡಿದ್ದೆ.

ಭಾನುವಾರ ಬೆಳಗಿನ ಬಸ್ಸಿಗೆ ನಾನು ಅಲ್ಲಿಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕದೆ, ಆ ಕಡೆ ಹೊರಟಿರುವ ತಕ್ಕಡಿ ಕಂಪನಿಯ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ಶನಿವಾರದೊಳಗೆ ನಿನ್ನ ಕೈಗೇ ತಲುಪಿಸುತ್ತಾರೆ. ಓದುವ ಮೊದಲು ನಾನು ಬಂದು ನಿಲ್ಲಬಾರದು, ನಿನಗೆ ಯೋಚಿಸಲು ಒಂದು ದಿನ ಬೇಕು.

ಚಳಿಗೆ ಕಿವಿ ಮುಚ್ಚಿಕೋ. ಹೊಟ್ಟೆ ತುಂಬಾ ತಿನ್ನು. ನಿನ್ನ ದಿನಗಳು ನಿನಗೇ ಇಷ್ಟವಾಗುವಂತಾಗಲಿ. ಅಮ್ಮ ಇದ್ದಿದ್ದರೆ ತಲೆಯ ಮೇಲೆ ಕೈಯಿಟ್ಟು ಏನು ಹೇಳುತ್ತಿದ್ದಳೋ ಅದೆಲ್ಲ ನಿನಗೆ ಸಿಗಲಿ.

ನಿನ್ನ ಅಕ್ಕ,
ಪಾದರಸ

ವಿ. ಸೂ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ನಿನ್ನನ್ನು ಹಾಸ್ಟೆಲಿಗೆ ಹಾಕಿ ಎಂದು ಹೇಳಿದ್ದು ಚಿಕ್ಕಮ್ಮನಲ್ಲ. ನಾನು. ಅವಳು ನಿನ್ನನ್ನು ತನ್ನ ಮನೆಗೇ ಕರೆದುಕೊಂಡು ಹೋಗುತ್ತೇನೆಂದು ಎರಡು ಸಲ ಕೇಳಿದಳು. ಅಪ್ಪನಿಗಂತೂ ಎಲ್ಲಿಗೂ ಕಳಿಸಲು ಮನಸ್ಸಿರಲಿಲ್ಲ. ಅಮ್ಮ ಹೋದ ಮೇಲೆ ನೀನು ಮಾತಿಲ್ಲದೆ ನನ್ನ ಹಿಂದೆ ಹಿಂದೆಯೇ ಬರುತ್ತಿದ್ದೆ. ನಾನು ನಲ್ಲಿಗೆ ಹೋದರೆ ನಲ್ಲಿಗೆ, ಅಂಗಡಿಗೆ ಹೋದರೆ ಅಂಗಡಿಯ ಮೆಟ್ಟಿಲಿಗೆ. ನನಗೆ ಉಸಿರು ಕಟ್ಟುತ್ತಿತ್ತು. ಅವಳಿಗೆ ಹಾಸ್ಟೆಲ್ಲೇ ಒಳ್ಳೇದು ಎಂದು ಅಪ್ಪನನ್ನು ಒಪ್ಪಿಸಿದೆ. ಆಮೇಲೆ ನಿನ್ನ ಮುಖ ನೋಡಲಾರದೆ, ಚಿಕ್ಕಮ್ಮ ಹೇಳಿದ್ದು ಎಂದೆ. ಅವಳಿಗೆ ಇದು ಗೊತ್ತು. ಸ್ವೆಟರ್ ವಾಪಸ್ ಬಂದಾಗಲೂ ಅವಳು ನನ್ನ ಹೆಸರು ಹೇಳಲಿಲ್ಲ.

ಬಸ್ ನಿಲ್ದಾಣದಲ್ಲಿ ನಿನ್ನ ಪೆಟ್ಟಿಗೆಯನ್ನು ಮೇಲೆ ಹಾಕಿದ ಮೇಲೆ ನಾನು ಕೇಳಿದ್ದು ನೆನಪಿದೆಯಾ? “ಪರವಾಗಿಲ್ಲ ಅಲ್ವಾ?” ಎಂದೆ. ನೀನು ಕಿಟಕಿಯ ಸರಳು ಹಿಡಿದುಕೊಂಡು, “ಪರವಾಗಿಲ್ಲ” ಎಂದೆ. ಕೇಳಿದವಳೂ ನಾನೇ, ಉತ್ತರ ಹೇಳಿಕೊಟ್ಟವಳೂ ನಾನೇ.

ಭಾನುವಾರ ಮತ್ತೆ ಕೇಳುತ್ತೇನೆ. ಕೇಳಿ ಬಾಯಿ ಮುಚ್ಚಿಕೊಂಡಿರುತ್ತೇನೆ, ಎಷ್ಟು ಹೊತ್ತಾದರೂ. ಸ್ವೆಟರ್ ತರುತ್ತಿದ್ದೇನೆ.